ದೋಷ ಫಿಲ್ಮಿನದೋ, ಬೆಳಕಿನದೋ, ಕ್ಯಾಮೆರಾದ್ದೋ? ಹಳೆಯ ನೆಗೆಟಿವ್‌ಗಳನ್ನು ಮನೆಯಲ್ಲೇ ಡಿಜಿಟಲ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಕಳೆದ ವರ್ಷ ಮಳೆಗಾಲ ಮುಗಿದು ಬಿಸಿಲು ಬಲಿತ ಮೇಲೆ ಕಾರವಾರದ ಪರಿಚಿತರೊಬ್ಬರು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ, ಬಟರ್ ಪೇಪರಿನ ಲಕೋಟೆಗಳಲ್ಲಿ, ಆರಾರು ಫ್ರೇಮುಗಳ ತುಂಡುಗಳಾಗಿ ಕತ್ತರಿಸಿದ ನೆಗೆಟಿವ್‌ಗಳಿದ್ದವು. ಅವುಗಳಲ್ಲಿ ಒಂದು ಫ್ರೇಮಿನ ಮೇಲೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಆಸೆಯಿತ್ತು. ಕಾಳಿ ನದಿಯ ಹಳೆಯ ಸೇತುವೆಯ ಮೇಲೆ, ಕೋಡಿಬಾಗದ ತುದಿಯಲ್ಲಿ, ಮನೆಯವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರ ಅದು. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ನದಿಗೆ ಕುಸಿದುಬಿದ್ದಿದೆ. ಚಿತ್ರದಲ್ಲಿದ್ದವರಲ್ಲೂ ಕೆಲವರು ಈಗಿಲ್ಲ. ಹಿಂದೆ ಹಾಕಿಸಿದ್ದ ಪ್ರಿಂಟು ಎಂದೋ ಕಳೆದುಹೋಗಿದ್ದರಿಂದ ಉಳಿದಿದ್ದದ್ದು ಆ ನೆಗೆಟಿವ್ ಮಾತ್ರ.

ನಾನು ಅದನ್ನು ಮೊದಲ ಸಲ ಕ್ಯಾಮೆರಾದಲ್ಲಿ ತೆಗೆದು, ಕಂಪ್ಯೂಟರಿನಲ್ಲಿ ಪಾಸಿಟಿವ್ ಮಾಡಿ ನೋಡಿದಾಗ ನಾಲ್ಕು ದೋಷಗಳು ಒಟ್ಟಿಗೆ ಕಣ್ಣಿಗೆ ಬಿದ್ದವು. ನಾಲ್ಕೂ ಮೂಲೆಗಳು ಬೆಳ್ಳಗೆ ತೇಲಿದ್ದವು, ಗಂಡಸರ ಬಿಳಿ ಅಂಗಿಗಳು ಹಳದಿಗಟ್ಟಿ ಚಪ್ಪಟೆಯಾಗಿದ್ದವು, ಬಲಗಡೆ ನಿಂತವರ ಮುಖಗಳು ಮಸುಕಾಗಿದ್ದವು, ಆಕಾಶದ ತುಂಬ ಬಿಳಿಯ ಎಳೆಗಳು ಹರಡಿದ್ದವು. ಫಿಲ್ಮು ಕೆಟ್ಟಿದೆ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿ ಡಬ್ಬಿಯನ್ನು ಹಿಂದಿರುಗಿಸುವ ಮನಸ್ಸಾಗಿತ್ತು. ಒಂದೊಂದನ್ನೇ ಬಿಡಿಸಿ ಪರೀಕ್ಷಿಸಿದಾಗ ತಿಳಿದದ್ದು, ಆ ನಾಲ್ಕರಲ್ಲಿ ಫಿಲ್ಮಿನ ದೋಷ ಒಂದೇ. ಉಳಿದ ಮೂರೂ ನನ್ನ ಮೇಜಿನ ಮೇಲೆಯೇ ಹುಟ್ಟಿದ್ದವು. ಈ ಕೆಲಸದಲ್ಲಿ ತೊಡಗಿದ ಹೆಚ್ಚಿನವರು ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಅದನ್ನು ಸರಿಪಡಿಸಲು ಕಂಪ್ಯೂಟರಿನ ಮುಂದೆ ಕೂರುತ್ತಾರೆ, ಇಲ್ಲವೇ ನೆಗೆಟಿವ್ ತೊಳೆಯಲು ಹೊರಡುತ್ತಾರೆ. ಮೊದಲನೆಯದರಿಂದ ಸಮಯ ಹಾಳು, ಎರಡನೆಯದರಿಂದ ಫಿಲ್ಮೇ ಹಾಳು.

ನನ್ನ ಸಲಕರಣೆ ಸಾಧಾರಣವಾದದ್ದು: 24 ಮೆಗಾಪಿಕ್ಸೆಲಿನ ಎಪಿಎಸ್-ಸಿ (35 ಮಿ.ಮೀ. ಫ್ರೇಮಿಗಿಂತ ಚಿಕ್ಕ ಸೆನ್ಸಾರಿನ) ಕ್ಯಾಮೆರಾ, ತೀರ ಹತ್ತಿರದಿಂದ ತೆಗೆಯಬಲ್ಲ ಒಂದು ಮ್ಯಾಕ್ರೋ ಲೆನ್ಸು, ಎಲ್‌ಇಡಿ ಪ್ಯಾನೆಲ್, ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಹೋಲ್ಡರ್, ಮತ್ತು ಬಾಗಿಲು ಮುಚ್ಚಿದ ಸ್ಟುಡಿಯೋ ಒಂದರಿಂದ ಕೊಂಡ ಎನ್‌ಲಾರ್ಜರಿನ (ನೆಗೆಟಿವ್‌ನಿಂದ ಪ್ರಿಂಟು ಹಾಕುವ ಯಂತ್ರದ) ಕಬ್ಬಿಣದ ಕಂಬ. ಎನ್‌ಲಾರ್ಜರಿನ ತಲೆ ಕಳಚಿ ಆ ಜಾಗದಲ್ಲಿ ಕ್ಯಾಮೆರಾ ಕೂರಿಸಿದರೆ ಟ್ರೈಪಾಡಿಗಿಂತ ಎಷ್ಟೋ ಗಟ್ಟಿಯಾದ ನಿಲುವು ಸಿಗುತ್ತದೆ. 35 ಮಿ.ಮೀ. ಫಿಲ್ಮಿನ ಫ್ರೇಮು 24×36 ಮಿ.ಮೀ. ಇರುವುದರಿಂದ ಅಷ್ಟೇ ದೊಡ್ಡ ಸೆನ್ಸಾರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 1:1 ಹಿಗ್ಗುವಿಕೆ ಬೇಕು, ಎಪಿಎಸ್-ಸಿಗೆ ಸುಮಾರು 0.65 ಸಾಕು. ಫ್ರೇಮು ಸೆನ್ಸಾರನ್ನು ಪೂರ್ತಿ ತುಂಬಿದರೆ ಇಂಚಿಗೆ ಸುಮಾರು 4200 ಪಿಕ್ಸೆಲ್ ದೊರೆಯುತ್ತದೆ. ಮನೆಯ ಆಲ್ಬಮಿಗೆ ಅದು ಧಾರಾಳವಾಯಿತು.

ಮೊದಲು ಮೂರು ಪರೀಕ್ಷೆ

ಮುಂದಿನದೆಲ್ಲವೂ ಒಂದೇ ತತ್ವದ ಮೇಲೆ ನಿಂತಿದೆ. ನೆಗೆಟಿವ್‌ನಿಂದ ಪಾಸಿಟಿವ್ ಮಾಡುವಾಗ ಬೆಳಕು ಕತ್ತಲಾಗುತ್ತದೆ, ಕತ್ತಲು ಬೆಳಕಾಗುತ್ತದೆ, ಬಣ್ಣಗಳು ತಮ್ಮ ವಿರುದ್ಧ ಬಣ್ಣಗಳಾಗುತ್ತವೆ. ಆದ್ದರಿಂದ ಡಿಜಿಟಲ್ ಮಾಡುವಾಗ ಸೆನ್ಸಾರಿಗೆ ಎಲ್ಲಿ ಬೆಳಕು ಕಡಿಮೆಯಾಯಿತೋ ಅಲ್ಲಿ ಪಾಸಿಟಿವ್ ಬೆಳ್ಳಗಾಗುತ್ತದೆ. ಎಲ್ಲಿ ಬೇಡದ ಬೆಳಕು ಸೇರಿತೋ ಅಲ್ಲಿ ಕಪ್ಪಾಗುತ್ತದೆ. ಬೇಡದ ಬೆಳಕು ನೀಲಿಯಾಗಿದ್ದರೆ ಅಲ್ಲಿ ಹಳದಿ ಏಳುತ್ತದೆ. ಇದನ್ನು ಮರೆತು ಪಾಸಿಟಿವ್ ಚಿತ್ರವನ್ನು ಸಾಮಾನ್ಯ ಫೋಟೋದಂತೆ ಓದಿದರೆ ಕಾರಣವನ್ನು ತಪ್ಪು ದಿಕ್ಕಿನಲ್ಲಿ ಹುಡುಕುತ್ತೀರಿ.

ಮೊದಲ ಪರೀಕ್ಷೆಯಲ್ಲಿ ಹೋಲ್ಡರಿನಿಂದ ಫಿಲ್ಮನ್ನು ತೆಗೆದು, ಬೇರೇನನ್ನೂ ಅಲುಗಾಡಿಸದೆ, ಖಾಲಿ ಬೆಳಕಿನ ಒಂದು ಫೋಟೋ ತೆಗೆಯಬೇಕು. ಅದರ ಕಾಂಟ್ರಾಸ್ಟನ್ನು ಕಂಪ್ಯೂಟರಿನಲ್ಲಿ ಮಿತಿಮೀರಿ ಏರಿಸಿದರೆ ಬೆಳಕಿನ ಏರುಪೇರು, ಪ್ಯಾನೆಲಿನ ಮೇಲಿನ ಕಲೆ, ಸೆನ್ಸಾರಿನ ಮೇಲಿನ ಧೂಳು ಎಲ್ಲವೂ ಎದ್ದು ಕಾಣುತ್ತವೆ. ಎರಡನೆಯ ಪರೀಕ್ಷೆಯಲ್ಲಿ ಫಿಲ್ಮನ್ನು ಅರ್ಧ ಫ್ರೇಮಿನಷ್ಟು ಪಕ್ಕಕ್ಕೆ ಸರಿಸಿ ಮತ್ತೊಂದು ಫೋಟೋ ತೆಗೆಯಿರಿ. ಫಿಲ್ಮಿನೊಡನೆ ಸರಿದ ದೋಷ ಫಿಲ್ಮಿನದು, ಇದ್ದಲ್ಲೇ ಉಳಿದದ್ದು ಫಿಲ್ಮಿನ ಹೊರಗಿನದು. ಕೆಲವರು ಫಿಲ್ಮನ್ನು 180 ಡಿಗ್ರಿ ತಿರುಗಿಸಿ ನೋಡುತ್ತಾರೆ. ಅದೂ ಒಳ್ಳೆಯದೇ, ಆದರೆ ನಾಲ್ಕೂ ಮೂಲೆಗಳಲ್ಲಿ ಸಮನಾಗಿರುವ ದೋಷ ತಿರುಗಿಸಿದರೂ ಹಾಗೆಯೇ ಕಾಣುವುದರಿಂದ ಉತ್ತರ ಸಿಗುವುದಿಲ್ಲ, ಸರಿಸಿದಾಗ ಸಿಗುತ್ತದೆ. ಮೂರನೆಯದು, ಕ್ಯಾಮೆರಾ ಮತ್ತು ಫಿಲ್ಮುಗಳನ್ನು ಮುಟ್ಟದೆ ಕೆಳಗಿನ ಪ್ಯಾನೆಲನ್ನು ಮಾತ್ರ ಕಾಲು ಸುತ್ತು ತಿರುಗಿಸುವುದು. ಪ್ಯಾನೆಲಿನೊಂದಿಗೆ ತಿರುಗುವುದು ಬೆಳಕಿನ ದೋಷ, ತಿರುಗದೆ ನಿಂತದ್ದು ಲೆನ್ಸು ಅಥವಾ ಸೆನ್ಸಾರಿನದು.

ಮೂರಕ್ಕೂ ಸೇರಿ ಐದು ನಿಮಿಷ ಸಾಕು.

ಮೂಲೆಗಳ ಬಿಳುಪು, ಅಂಚಿನ ಕಪ್ಪು

ಸೇತುವೆಯ ಚಿತ್ರದ ಬಿಳಿ ಮೂಲೆಗಳು ಖಾಲಿ ಬೆಳಕಿನ ಫೋಟೋದಲ್ಲಿ ಕಪ್ಪು ಮೂಲೆಗಳಾಗಿ ಹಾಗೆಯೇ ಇದ್ದವು. ನನ್ನ ಪ್ಯಾನೆಲ್ ಫ್ರೇಮಿಗಿಂತ ಸ್ವಲ್ಪವೇ ದೊಡ್ಡದಾಗಿದ್ದರಿಂದ ಅದರ ಅಂಚಿನತ್ತ ಬೆಳಕು ಕುಗ್ಗುತ್ತಿತ್ತು. ದೊಡ್ಡ ಪ್ಯಾನೆಲ್ ತಂದು ಫ್ರೇಮನ್ನು ಅದರ ನಟ್ಟನಡುವೆ ಇಟ್ಟಾಗ ಮುಕ್ಕಾಲುಪಾಲು ಹೋಯಿತು. ಉಳಿದ ಕಾಲುಪಾಲು ಲೆನ್ಸಿನ ಮೂಲೆಗಪ್ಪು. ಅದನ್ನು ಖಾಲಿ ಬೆಳಕಿನ ಆ ಫೋಟೋವನ್ನೇ ಅಳತೆಗೋಲಾಗಿಸಿ ತಂತ್ರಾಂಶದ ಫ್ಲ್ಯಾಟ್-ಫೀಲ್ಡ್ ತಿದ್ದುಪಡಿಯಿಂದ ತೆಗೆಯಬಹುದು; ಆದರೆ ಆ ತಿದ್ದುಪಡಿಯನ್ನು ಪಾಸಿಟಿವ್ ಮಾಡುವ ಮೊದಲೇ ಮಾಡಬೇಕು.

ಇದರ ವಿರುದ್ಧವಾಗಿ ಅಂಚುಗಳು ಕಪ್ಪಾಗಿದ್ದರೆ ಫ್ರೇಮಿನ ಸುತ್ತಲಿನ ತೆರೆದ ಜಾಗದಿಂದ, ಅದರಲ್ಲೂ ಫಿಲ್ಮಿನ ಅಂಚಿನ ಹಲ್ಲುತೂತುಗಳಿಂದ, ನೇರ ಬೆಳಕು ಮೇಲೆ ಬಂದು ಲೆನ್ಸಿನೊಳಗೆ ಚೆದರುತ್ತಿದೆ ಎಂದು ತಿಳಿಯಿರಿ. ಫ್ರೇಮನ್ನು ಬಿಟ್ಟು ಉಳಿದ ಬೆಳಕನ್ನೆಲ್ಲ ಕಪ್ಪು ಕಾಗದದಿಂದ ಮುಚ್ಚಿದರೆ ಅದು ನಿಲ್ಲುತ್ತದೆ. ಲೆನ್ಸು ಮತ್ತು ಕ್ಯಾಮೆರಾದ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಬಳಸುವವರಿಗೆ ನಡುವೆ ತೆಳುವಾದ ಮಂಜು ಕಂಡರೆ ಟ್ಯೂಬಿನ ಒಳಗೋಡೆಯ ಹೊಳಪೇ ಕಾರಣವಾಗಿರುವುದುಂಟು.

ಇನ್ನೊಂದು ಬಗೆಯ ಕಪ್ಪು ಮೂಲೆ ನಿಮ್ಮ ತಪ್ಪೂ ಅಲ್ಲ, ಫಿಲ್ಮಿನ ಹಾಳೂ ಅಲ್ಲ. ಆಗ್ಫಾ ಕ್ಲಿಕ್‌ನಂಥ ಸರಳ ಪೆಟ್ಟಿಗೆ ಕ್ಯಾಮೆರಾಗಳ ಲೆನ್ಸು ಮೂಲೆಗಳಿಗೆ ಬೆಳಕನ್ನು ಕಡಿಮೆಯೇ ಕಳುಹಿಸುತ್ತಿತ್ತು. ಅದು ಚಿತ್ರ ತೆಗೆದ ದಿನದ ಗುರುತು. ನಾನು ಅದನ್ನು ಅಳಿಸಲು ಹೋಗುವುದಿಲ್ಲ.

ಮಸುಕು

ಮಸುಕಿನ ವಿಷಯದಲ್ಲಿ ಅತ್ಯಂತ ನಂಬಿಕಸ್ಥ ಸಾಕ್ಷಿ ಫಿಲ್ಮಿನ ಕಣ. ಫೋಟೋವನ್ನು ಪೂರ್ತಿ ಹಿಗ್ಗಿಸಿ, ಮುಖಗಳನ್ನಲ್ಲ, ಆಕಾಶದಂಥ ಬರಿದಾದ ಭಾಗವನ್ನು ನೋಡಿರಿ. ಅಲ್ಲಿ ಕಣಗಳು ನುಣ್ಣನೆಯ ಮರಳು ಚೆಲ್ಲಿದಂತೆ ಬಿಡಿಬಿಡಿಯಾಗಿ ಕಂಡು ಮುಖ ಮಾತ್ರ ಮಸುಕಾಗಿದ್ದರೆ, ಅಂದು ಕ್ಯಾಮೆರಾ ಹಿಡಿದವರ ಕೈ ಅಲುಗಿದೆ ಅಥವಾ ಫೋಕಸ್ ತಪ್ಪಿದೆ. ನೀವು ಮಾಡಬೇಕಾದದ್ದು ಏನೂ ಇಲ್ಲ. ಕಣವೇ ಕರಗಿದಂತಿದ್ದರೆ ತಪ್ಪು ನಿಮ್ಮ ಮೇಜಿನದು. ನಡುವೆ ಕಣ ಸ್ಪಷ್ಟವಾಗಿದ್ದು ಒಂದೇ ಪಕ್ಕದಲ್ಲಿ ಕರಗಿದ್ದರೆ ಕ್ಯಾಮೆರಾ ಓರೆಯಾಗಿದೆ. ನಡುವೆ ಸ್ಪಷ್ಟವಾಗಿದ್ದು ಸುತ್ತಲೂ ಕರಗಿದ್ದರೆ ಫಿಲ್ಮು ಬಾಗಿದೆ. ಎಲ್ಲೆಡೆಯೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಅಲುಗಾಟ.

ಬಲಗಡೆಯವರ ಮುಖ ಮಾತ್ರ ಮಸುಕಾಗಿದ್ದುದಕ್ಕೆ ಕಾರಣ ಓರೆ ಎಂದು ಇದರಿಂದಲೇ ತಿಳಿಯಿತು. ಮಟ್ಟ ನೋಡುವ ಉಪಕರಣ ಇಲ್ಲದಿದ್ದರೂ ಚಿಂತೆಯಿಲ್ಲ, ಒಂದು ಚಿಕ್ಕ ಕನ್ನಡಿ ಸಾಕು. ಫಿಲ್ಮು ಕೂರುವ ಜಾಗದಲ್ಲಿ ಕನ್ನಡಿಯನ್ನಿಟ್ಟು ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಲೆನ್ಸಿನ ಪ್ರತಿಬಿಂಬ ಕಾಣುತ್ತದೆ. ಆ ಕಪ್ಪು ವೃತ್ತ ಪರದೆಯ ನಟ್ಟನಡುವೆ ಬರುವವರೆಗೆ ಕ್ಯಾಮೆರಾವನ್ನು ಹೊಂದಿಸಿರಿ. ನಡುವೆ ಬಂದಾಗ ಸೆನ್ಸಾರೂ ಫಿಲ್ಮೂ ಸಮಾನಾಂತರವಾಗಿರುತ್ತವೆ. ಇಷ್ಟು ಕಟ್ಟುನಿಟ್ಟು ಏಕೆಂದರೆ ಈ ಹಿಗ್ಗುವಿಕೆಯಲ್ಲಿ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/8ಕ್ಕೆ ಇಟ್ಟರೂ ಸ್ಫುಟತೆಯ ಆಳ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ, ಕಣದ ಮಟ್ಟದಲ್ಲಿ ನೋಡಿದರೆ ಅದರ ಅರ್ಧ. ಆಳ ಹೆಚ್ಚಿಸಲೆಂದು ಇನ್ನೂ ಕಿರಿದಾದ ಎಫ್/16ಕ್ಕೆ ಹೋದವರು ಇನ್ನೊಂದು ತೊಂದರೆಗೆ ಸಿಲುಕುತ್ತಾರೆ. ಇಷ್ಟು ಹತ್ತಿರದಿಂದ ತೆಗೆಯುವಾಗ ಅಪರ್ಚರಿನ ನಿಜವಾದ ಪರಿಣಾಮ ಎಫ್/26ರಷ್ಟಾಗಿ, ಬೆಳಕಿನ ವಿವರ್ತನೆಯಿಂದ (ಕಿರಿದಾದ ಕಿಂಡಿ ದಾಟಿದ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆದುವಾಗುತ್ತದೆ. ನಾನು ಎಫ್/5.6 ಮತ್ತು ಎಫ್/8ರ ಆಚೀಚೆ ಹೋಗುವುದಿಲ್ಲ. ಫೋಕಸನ್ನು ಕೈಯಿಂದಲೇ, ಪರದೆಯನ್ನು ಹಿಗ್ಗಿಸಿಕೊಂಡು, ಕಣದ ಮೇಲೆಯೇ ಮಾಡುತ್ತೇನೆ.

ಫಿಲ್ಮು ಬಾಗಿದ್ದರೆ ಅದನ್ನು ಲಕೋಟೆಯ ಸಮೇತ ಎರಡು ದಪ್ಪ ಪುಸ್ತಕಗಳ ನಡುವೆ ವಾರಗಟ್ಟಲೆ ಇಡುವುದು ಒಳ್ಳೆಯದು. ಆದರೆ ಕರಾವಳಿಯಲ್ಲಿ ಇದನ್ನು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮಾಡಬೇಡಿ. ತೇವ ಹೀರಿ ಉಬ್ಬಿದ ಎಮಲ್ಶನ್ (ಚಿತ್ರವಿರುವ ಜಿಲಾಟಿನ್ ಪದರ) ಲಕೋಟೆಗೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಲಕೋಟೆಯಾದರೆ ಅಂಟಿದ ಕಡೆ ಹೊಳಪಿನ ತೇಪೆಗಳು ಶಾಶ್ವತವಾಗಿ ಉಳಿಯುತ್ತವೆ. ನನ್ನ ಅನುಭವದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣಹವೆಯೇ ಈ ಇಡೀ ಕೆಲಸಕ್ಕೆ ಹದವಾದ ಕಾಲ.

ಅಲುಗಾಟದ ಮಾತು ಬಂದಾಗ ಶಿರಸಿಯ ಕಡೆಯ ಸಂಬಂಧಿಕರ ಮನೆಯೊಂದು ನೆನಪಾಗುತ್ತದೆ. ಅಲ್ಲಿನ ಮಾಳಿಗೆಯಲ್ಲಿ, ಮರದ ಹಲಗೆಯ ನೆಲದ ಮೇಲೆ, ಎರಡು ದಿನ ಕುಳಿತು ಮಾಡಿದ ಕೆಲಸದಲ್ಲಿ ಕೆಲವು ಫ್ರೇಮುಗಳು ಚೂಪಾಗಿ, ಕೆಲವು ಜೋಡಿಯಂಚಾಗಿ ಬಂದಿದ್ದವು. ಕಾರಣ ತಿಳಿಯದೆ, ಹೋಲ್ಡರಿನ ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟು ಕಿಟಕಿಯ ಪ್ರತಿಬಿಂಬವನ್ನು ಅದರಲ್ಲಿ ನೋಡುತ್ತ ಕುಳಿತೆ. ಯಾರೋ ಏಣಿಮೆಟ್ಟಿಲಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ನನ್ನ ಕಿವಿಗೆ ಏನೂ ಕೇಳಿಸುವ ಮೊದಲೇ ನೀರಿನೊಳಗಿನ ಕಿಟಕಿ ಸಣ್ಣಗೆ ನಡುಗಿ ಸರಳುಗಳು ಎರಡೆರಡಾದವು. ಅಂದಿನಿಂದ ಕೆಲಸವನ್ನು ನೆಲಮಹಡಿಗೆ ಇಳಿಸಿದೆ. ಸೀಲಿಂಗ್ ಫ್ಯಾನು, ಪಕ್ಕದ ಕೋಣೆಯ ಮಿಕ್ಸರ್, ಹೆದ್ದಾರಿಯ ಲಾರಿ, ಇವೆಲ್ಲವನ್ನೂ ಅದೇ ಬಟ್ಟಲು ಹೇಳುತ್ತದೆ. ಬಟ್ಟಲು ಹೇಳಲಾರದ್ದು ಕ್ಯಾಮೆರಾದ ಒಳಗಿನ ಶಟರಿನ ಏಟು. ಅದಕ್ಕೆ ಎರಡು ಸೆಕೆಂಡಿನ ಟೈಮರ್ ಇಟ್ಟು, ಎಲೆಕ್ಟ್ರಾನಿಕ್ ಶಟರ್ ಅಥವಾ ಎಲೆಕ್ಟ್ರಾನಿಕ್ ಮೊದಲ ಪರದೆಯ ವ್ಯವಸ್ಥೆ ಇದ್ದರೆ ಅದನ್ನು ಬಳಸಬೇಕು. ಕನ್ನಡಿಯಿರುವ ಕ್ಯಾಮೆರಾವಾದರೆ ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸಬೇಕು.

ಪಟ್ಟೆ ಮತ್ತು ಬಳೆ

ಚಿತ್ರದ ಉದ್ದಕ್ಕೂ ಸಮಾಂತರ ಪಟ್ಟೆಗಳು ಬಂದರೆ ಪ್ಯಾನೆಲ್ ಕಣ್ಣಿಗೆ ಕಾಣದ ವೇಗದಲ್ಲಿ ಮಿನುಗುತ್ತಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ; ಬೆಳಕು ತಗ್ಗಿಸುವ ಗುಂಡಿಯಿದ್ದರೆ ಅದು ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸುವ ಮೂಲಕವೇ ತಗ್ಗಿಸುವುದೂ ಉಂಟು. ಪ್ಯಾನೆಲನ್ನು ಪೂರ್ತಿ ಬೆಳಕಿಗಿಟ್ಟು, ಐಎಸ್‌ಒ 100ರಲ್ಲಿ, ಶಟರನ್ನು 1/10 ಸೆಕೆಂಡು ಅಥವಾ ಅದಕ್ಕಿಂತ ನಿಧಾನಕ್ಕಿಟ್ಟರೆ ಪಟ್ಟೆ ಕರಗುತ್ತದೆ. ಮಳೆಗಾಲದಲ್ಲಿ ವೋಲ್ಟೇಜು ಏರಿಳಿದು ಒಂದು ಫ್ರೇಮು ಬೆಳ್ಳಗೆ, ಇನ್ನೊಂದು ಕಪ್ಪಗೆ ಬರುತ್ತಿದ್ದರೆ ಪ್ಯಾನೆಲನ್ನು ಪವರ್ ಬ್ಯಾಂಕಿಗೆ ಜೋಡಿಸಿ. ಮೊಬೈಲು ಅಥವಾ ಟ್ಯಾಬಿನ ಪರದೆಯನ್ನೇ ದೀಪವಾಗಿಸಿದವರಿಗೆ ಸಣ್ಣ ಜಾಲರಿಯಂಥ ವಿನ್ಯಾಸ ಕಂಡರೆ ಅದು ಪರದೆಯ ಪಿಕ್ಸೆಲ್. ಫಿಲ್ಮನ್ನು ಪರದೆಯಿಂದ ಕೆಲವು ಸೆಂಟಿಮೀಟರ್ ಮೇಲೆತ್ತಿ, ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯಿಡಬೇಕು.

ಕಾಮನಬಿಲ್ಲಿನ ಬಣ್ಣದ ಬಳೆಗಳು ಕಂಡರೆ ಫಿಲ್ಮಿನ ಹೊಳೆಯುವ ಮೈ ಗಾಜಿಗೆ ತಾಗಿದೆ. ಇವು ನ್ಯೂಟನ್ನನ ಉಂಗುರಗಳು. ಗಾಜು ಬಿಟ್ಟುಬಿಡುವುದೇ ಒಳ್ಳೆಯ ಪರಿಹಾರ.

ಚುಕ್ಕೆ ಮತ್ತು ಗೀರು

ಪಾಸಿಟಿವ್‌ನಲ್ಲಿ ಬಿಳಿ ಚುಕ್ಕೆಯೂ ಕಪ್ಪು ಚುಕ್ಕೆಯೂ ಒಂದೇ ಅಲ್ಲ. ಅವು ಎರಡು ಬೇರೆ ಕಾಲಗಳ ಧೂಳು. ಈಗ ಫಿಲ್ಮಿನ ಮೇಲೆ ಕುಳಿತಿರುವ ಧೂಳು ಬೆಳಕನ್ನು ತಡೆಯುವುದರಿಂದ ಬೆಳ್ಳಗಾಗುತ್ತದೆ. ಕಪ್ಪು ಚುಕ್ಕೆಯ ಧೂಳು ಚಿತ್ರ ತೆಗೆದ ಹೊತ್ತಿನಲ್ಲಿ ಹಳೆಯ ಕ್ಯಾಮೆರಾದೊಳಗೆ ಫಿಲ್ಮಿನ ಮೇಲಿತ್ತು. ಅದು ಕುಳಿತಿದ್ದ ಜಾಗಕ್ಕೆ ಅಂದೇ ಬೆಳಕು ಬೀಳಲಿಲ್ಲ, ಆದ್ದರಿಂದ ಇಂದು ಎಷ್ಟು ಊದಿದರೂ ಅದು ಹೋಗುವುದಿಲ್ಲ. ಗೀರಿಗೂ ಇದೇ ನ್ಯಾಯ. ಹೊಳೆಯುವ ಬೆನ್ನಿನ ಮೇಲಿನ ಗೀರು ಬೆಳಕನ್ನು ಚೆದರಿಸಿ ಬೆಳ್ಳಗಾಗುತ್ತದೆ. ಎಮಲ್ಶನ್ನನ್ನೇ ಕೆರೆದು ತೆಗೆದ ಗೀರು ಕಪ್ಪಾಗುತ್ತದೆ, ಕಲರ್ ಫಿಲ್ಮಿನಲ್ಲಿ ಕೆಲವೊಮ್ಮೆ ಬಣ್ಣದ ಗೆರೆಯಾಗುತ್ತದೆ.

ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ ಬರುವ ಚುಕ್ಕೆ ಸೆನ್ಸಾರಿನದು ಎಂದು ಎರಡನೆಯ ಪರೀಕ್ಷೆಯೇ ಹೇಳಿರುತ್ತದೆ. ಫಿಲ್ಮಿನ ಧೂಳಿಗೆ ರಬ್ಬರ್ ಊದುಗವೂ ಮೃದುವಾದ ಬ್ರಷ್ಷೂ ಸಾಕು. ಬಾಯಿಂದ ಊದಬೇಡಿ, ಉಗುಳಿನ ಹನಿ ಜಿಲಾಟಿನ್ನಿನ ಮೇಲೆ ಕಲೆಯಾಗಿ ನಿಲ್ಲುತ್ತದೆ. ಸ್ಕ್ಯಾನರುಗಳಲ್ಲಿ ಅತಿಗೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಸೌಲಭ್ಯ ಇರುತ್ತದೆ, ಸಾಮಾನ್ಯ ಕ್ಯಾಮೆರಾದಲ್ಲಿ ಅದಿಲ್ಲ; ಬೆಳ್ಳಿಯ ಕಣಗಳಿರುವ ಕಪ್ಪು-ಬಿಳುಪು ಫಿಲ್ಮಿಗಂತೂ ಸ್ಕ್ಯಾನರಿನಲ್ಲೂ ಅದು ಕೆಲಸ ಮಾಡದು. ಆದ್ದರಿಂದ ಮೊದಲೇ ಧೂಳು ತೆಗೆಯುವ ಎರಡು ನಿಮಿಷ, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವ ಅರ್ಧ ಗಂಟೆಯನ್ನು ಉಳಿಸುತ್ತದೆ.

ಕಪ್ಪು-ಬಿಳುಪು ನೆಗೆಟಿವ್‌ನ ಅಂಚಿನಲ್ಲಿ, ಓರೆಯಾಗಿ ಹಿಡಿದಾಗ, ನೀಲಿ ಛಾಯೆಯ ಲೋಹದ ಹೊಳಪು ಕಂಡರೆ ಅದು ಧೂಳಲ್ಲ, ಮೇಲ್ಮೈಗೆ ಬಂದು ನಿಂತ ಬೆಳ್ಳಿ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲುಗಳಲ್ಲೂ ಹೊರದೇಶದ ರೋಲುಗಳಲ್ಲೂ ನಾನು ಇದನ್ನು ಕಂಡಿದ್ದೇನೆ. ಅದನ್ನು ಉಜ್ಜಬಾರದು. ಕೋಣೆಯನ್ನು ಕತ್ತಲಾಗಿಸಿ ಮೇಲಿನಿಂದ ಬೆಳಕು ಬೀಳದಂತೆ ನೋಡಿಕೊಂಡರೆ ಫೋಟೋದಲ್ಲಿ ಅದು ಬಹುಮಟ್ಟಿಗೆ ಮರೆಯಾಗುತ್ತದೆ.

ಬಣ್ಣ

ಅತಿ ಹೆಚ್ಚು ಜನ ಕೈಚೆಲ್ಲುವುದು ಇಲ್ಲಿ. ಕಲರ್ ನೆಗೆಟಿವ್ ಕಿತ್ತಳೆ ಬಣ್ಣಕ್ಕಿರುವುದು ಹಳತಾದುದರಿಂದಲ್ಲ. ಅದರ ವರ್ಣದ್ರವ್ಯಗಳ ಕೊರತೆಯನ್ನು ತುಂಬಲು ತಯಾರಕರೇ ಸೇರಿಸಿದ ಮುಸುಕು ಅದು, 1972ರಲ್ಲಿ ಬಂದು ಇಂದಿಗೂ ನಡೆಯುತ್ತಿರುವ ಸಿ-41 ಎಂಬ ಡೆವಲಪಿಂಗ್ ವಿಧಾನದ ಫಿಲ್ಮುಗಳಲ್ಲಿ ಹೊಸದರಲ್ಲೂ ಇರುತ್ತದೆ. ಈ ಮುಸುಕು ನೀಲಿ ಬೆಳಕನ್ನು ಬಹಳವಾಗಿ ತಡೆಯುವುದರಿಂದ ಸೆನ್ಸಾರಿನ ನೀಲಿ ಪಾಲು ಬಡವಾಗುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ನೋಡಿ, ಕೆಂಪು ಬಲತುದಿಗೆ ಬಡಿಯುವ ಸ್ವಲ್ಪ ಮೊದಲು ನಿಲ್ಲುವಷ್ಟು ಎಕ್ಸ್‌ಪೋಷರ್ ಕೊಡಬೇಕು. ಜೆಪೆಗ್ ಅಲ್ಲ, ಸೆನ್ಸಾರಿನ ಮೂಲ ಮಾಹಿತಿಯಿರುವ ರಾ ಫೈಲನ್ನೇ ಉಳಿಸಬೇಕು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಕೈಯಿಂದಲೇ ಇಟ್ಟು ಇಡೀ ರೋಲಿಗೆ ಬದಲಿಸದೆ ಬಿಡಬೇಕು. ಹೀಗೆ ಬಿಟ್ಟರೆ ಮಾತ್ರ ದೋಷ ಒಂದು ಫ್ರೇಮಿನದೋ ಇಡೀ ರೋಲಿನದೋ ಎಂದು ಹೇಳಲು ಬರುತ್ತದೆ.

ಇಡೀ ರೋಲಿನಲ್ಲಿ ಒಂದೇ ಛಾಯೆ ಇದ್ದರೆ ತಪ್ಪು ಫಿಲ್ಮಿನದಲ್ಲ, ಪರಿವರ್ತನೆಯದು. ಎರಡು ಫ್ರೇಮುಗಳ ನಡುವಿನ ಖಾಲಿ ಪಟ್ಟಿ ಶುದ್ಧ ಮುಸುಕಿನ ಬಣ್ಣ. ಅದನ್ನು ತಂತ್ರಾಂಶಕ್ಕೆ ತೋರಿಸಬೇಕು. ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದ ನೆಗಾಡಾಕ್ಟರ್ ವಿಭಾಗ ಮೊದಲು ಕೇಳುವುದೇ ಇದನ್ನು. ಆದ್ದರಿಂದ ಪ್ರತಿ ರೋಲಿಗೆ ಒಮ್ಮೆಯಾದರೂ ಆ ಪಟ್ಟಿ ಫೋಟೋದೊಳಗೆ ಬರುವಂತೆ ತೆಗೆಯಿರಿ. ನೆರಳುಗಳಲ್ಲಿ ಒಂದು ಬಣ್ಣ, ಬೆಳಕಿನ ಭಾಗಗಳಲ್ಲಿ ಅದರ ವಿರುದ್ಧ ಬಣ್ಣ ಇದ್ದರೆ ಆಗ ಅದು ನಿಜವಾಗಿ ಫಿಲ್ಮಿನ ದೋಷ: ಸೆಖೆಯಲ್ಲೂ ತೇವದಲ್ಲೂ ದಶಕಗಟ್ಟಲೆ ಇದ್ದು ಮೂರು ಪದರಗಳ ಬಣ್ಣ ಬೇರೆ ಬೇರೆ ಪ್ರಮಾಣದಲ್ಲಿ ಮಾಸಿದೆ, ಅಥವಾ ಅಂದು ಡೆವಲಪ್ ಮಾಡಿದ ದ್ರಾವಣ ಸತ್ವ ಕಳೆದುಕೊಂಡಿತ್ತು. ಒಂದೇ ಸ್ಲೈಡರಿನಿಂದ ಅದು ಸರಿಹೋಗುವುದಿಲ್ಲ. ಕೆಂಪು, ಹಸಿರು, ನೀಲಿಗಳ ಕರ್ವುಗಳನ್ನು ಒಂದೊಂದಾಗಿ ತಿದ್ದಬೇಕು, ತಾಳ್ಮೆ ಬೇಕು. ಇನ್ನು ಕಿತ್ತಳೆಗೆಂಪು ಬೆಳಕಿನ ನಾಲಿಗೆಯೊಂದು ಚಿತ್ರದೊಳಗೆ ಚಾಚಿದ್ದರೆ ಅದು ಫ್ರೇಮಿನ ಗಡಿ ದಾಟಿ ಹಲ್ಲುತೂತುಗಳವರೆಗೆ ಹೋಗಿದೆಯೇ ನೋಡಿ. ಹೋಗಿದ್ದರೆ ಹಳೆಯ ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ಸವೆದು ಬೆಳಕು ಸೋರಿದೆ.

ಸೇತುವೆಯ ಚಿತ್ರದ ಹಳದಿ ಅಂಗಿಗಳಿಗೆ ಕಾರಣ ಇವಾವುದೂ ಆಗಿರಲಿಲ್ಲ. ಮೇಜಿನ ಪಕ್ಕದ ಕಿಟಕಿ ತೆರೆದಿತ್ತು. ಸಂಜೆಯ ಆಕಾಶದ ನೀಲಿ ಬೆಳಕು ಫಿಲ್ಮಿನ ಮೇಲ್ಮೈಯಿಂದ ಪ್ರತಿಫಲಿಸಿ ಲೆನ್ಸಿಗೆ ಸೇರುತ್ತಿತ್ತು. ಬಿಳಿ ಅಂಗಿಗಳು ನೆಗೆಟಿವ್‌ನಲ್ಲಿ ಅತ್ಯಂತ ದಟ್ಟವಾದ ಭಾಗ, ಕೆಳಗಿನ ಬೆಳಕು ಅಲ್ಲಿ ತೀರ ಕಡಿಮೆ ದಾಟಿ ಬರುತ್ತದೆ. ಆದ್ದರಿಂದ ಮೇಲಿನಿಂದ ಬಿದ್ದ ಅಷ್ಟಿಷ್ಟು ನೀಲಿಯೂ ಅಲ್ಲೇ ಎದ್ದು ಕಂಡು, ತಿರುವುಮುರುವಾದಾಗ ಹಳದಿಯಾಯಿತು. ಬೆಳಕಿನ ಮಟ್ಟ ಕುಗ್ಗಿ ಚಪ್ಪಟೆಯಾದದ್ದೂ ಅದರಿಂದಲೇ. ಕಿಟಕಿ ಮುಚ್ಚಿ, ಕ್ಯಾಮೆರಾದಿಂದ ಹೋಲ್ಡರಿನವರೆಗೆ ಕಪ್ಪು ಬಟ್ಟೆ ಇಳಿಬಿಟ್ಟು ಮತ್ತೆ ತೆಗೆದಾಗ ಅಂಗಿಗಳು ಬೆಳ್ಳಗಾದವು, ಒಬ್ಬರ ಜೇಬಿನ ಪೆನ್ನಿನ ಕ್ಲಿಪ್ಪು ಕೂಡ ಕಾಣಿಸಿತು. ಪ್ಯಾನೆಲಿನ ಗುಣಮಟ್ಟವೂ ಮುಖ್ಯ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 95 ಅಥವಾ ಅದಕ್ಕಿಂತ ಹೆಚ್ಚಿರುವುದನ್ನೇ ಕೊಳ್ಳಬೇಕು. ಆದರೆ ಒಳ್ಳೆಯ ಪ್ಯಾನೆಲಿಗೆ ಹಣ ಕೊಡುವ ಮೊದಲು ಕಿಟಕಿ ಮುಚ್ಚಿ ನೋಡಿ.

ಬೂಷ್ಟು ಮತ್ತು ಹುಳಿ ವಾಸನೆ

ಫಿಲ್ಮಿನದೇ ಆಗಿ ಉಳಿದ ಒಂದು ದೋಷ ಆಕಾಶದ ಆ ಬಿಳಿ ಎಳೆಗಳು. ಊದಿದರೂ ಕದಲಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಬಿಂದುವಿನಿಂದ ಜರಿಗಿಡದ ಎಲೆಯಂತೆ ಕವಲೊಡೆದು ಹೋಗಿದ್ದವು. ಜಿಲಾಟಿನ್ ಪ್ರಾಣಿಜನ್ಯ ವಸ್ತು, ಬೂಷ್ಟಿಗೆ ಅದು ಆಹಾರ. ಗಾಳಿಯ ತೇವಾಂಶ ಶೇ. 65ನ್ನು ದಾಟಿ ದಿನಗಟ್ಟಲೆ ನಿಂತರೆ ಅದು ಬೆಳೆಯತೊಡಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಆ ಮಟ್ಟಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಶಿರಸಿಯ ಮಾರಿಕಾಂಬೆಯ ಜಾತ್ರೆಯ ಒಂದು ನೆಗೆಟಿವ್‌ನ ಮೇಲೆ ಇಂಥದೇ ಬೂಷ್ಟು ಹಿಡಿದಿತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯ ರಥದ ಚಿತ್ರ. ಡೆವಲಪ್ ಮಾಡುವಾಗ ಫಿಲ್ಮನ್ನು ನೀರಿನಲ್ಲೇ ತೊಳೆಯುತ್ತಾರಲ್ಲ ಎಂದುಕೊಂಡು ನಾನು ಅದನ್ನು ನೀರಿಗೆ ಇಳಿಸಿದೆ. ಬೂಷ್ಟು ತಿಂದ ಜಿಲಾಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ ಎಂಬುದು ನನಗೆ ಅಂದು ತಿಳಿದಿರಲಿಲ್ಲ. ತಟ್ಟೆಯ ನೀರು ತುಸು ಕಂದಾಯಿತು. ಫಿಲ್ಮನ್ನು ಮೇಲೆತ್ತಿದಾಗ ರಥದ ಮೇಲ್ಭಾಗದ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಮಾತ್ರ ಉಳಿದಿತ್ತು. ಅದನ್ನು ತಿದ್ದಲು ಯಾವ ತಂತ್ರಾಂಶದಿಂದಲೂ ಸಾಧ್ಯವಿಲ್ಲ.

ಆದ್ದರಿಂದ ಬೂಷ್ಟು ಕಂಡರೆ ಮೊದಲು ಇದ್ದ ಸ್ಥಿತಿಯಲ್ಲೇ ಒಂದು ಒಳ್ಳೆಯ ಫೋಟೋ ತೆಗೆದಿಡಿ. ಆಮೇಲೆ ನೀರಿಲ್ಲದ ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 99ರ ಶುದ್ಧಿಯದು, ನೂಲು ಬಿಡದ ಮೃದು ಬಟ್ಟೆಗೆ ತುಸುವೇ ಹಚ್ಚಿ, ಚಿತ್ರವಿಲ್ಲದ ತುದಿಯಲ್ಲಿ ಪರೀಕ್ಷಿಸಿ, ಒತ್ತದೆ ಒಂದೇ ದಿಕ್ಕಿಗೆ ಸವರಬೇಕು. ಔಷಧದಂಗಡಿಯ ಶೇ. 70ರ ದ್ರಾವಣದಲ್ಲಿ ಉಳಿದದ್ದು ನೀರೇ, ಅದು ಬೇಡ. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಎಮಲ್ಶನ್ನಿನೊಳಗೆ ಇಳಿದ ಬೇರು ಇದರಿಂದಲೂ ಹೋಗುವುದಿಲ್ಲ. ಸೇತುವೆಯ ಆಕಾಶದಲ್ಲಿ ಅಂಥವು ಐದಾರು ಉಳಿದವು, ಅವನ್ನು ಕಂಪ್ಯೂಟರಿನಲ್ಲೇ ಮುಚ್ಚಿದೆ.

ಡಬ್ಬಿ ತೆರೆದ ಕೂಡಲೇ ವಿನಿಗರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಅಸಿಟೇಟ್ ಫಿಲ್ಮು ಕೊಳೆಯುತ್ತಿದೆ. ಹೊರಬಂದ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ ಆ ರೋಲನ್ನು ಉಳಿದವುಗಳಿಂದ ಅಂದೇ ಬೇರ್ಪಡಿಸಿ, ಎಲ್ಲಕ್ಕಿಂತ ಮೊದಲು ಅದನ್ನೇ ಡಿಜಿಟಲ್ ಮಾಡಬೇಕು. ಕುಗ್ಗಿ ಸುಕ್ಕಾದ ಮೇಲೆ ಫೋಕಸಿಗೆ ಸಿಗುವುದಿಲ್ಲ. 1950ರ ದಶಕಕ್ಕಿಂತ ಹಿಂದಿನ ಫಿಲ್ಮಾಗಿದ್ದು ಅಂಚಿನಲ್ಲಿ ‘ಸೇಫ್ಟಿ’ ಎಂಬ ಅಚ್ಚು ಇಲ್ಲದಿದ್ದರೆ ಅದು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಇರಬಹುದು, ಮನೆಯಲ್ಲಿ ಕೈ ಹಾಕಬೇಡಿ. ಕೆಲಸ ಮುಗಿದ ಫಿಲ್ಮುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ಲಿನ ಬಣ್ಣ ಬದಲಾದಾಗಲೆಲ್ಲ ಅದನ್ನು ಬಿಸಿಮಾಡಿ ಒಣಗಿಸಬೇಕು. ಟ್ರಂಕಿನಲ್ಲಿ ಹಾಕುವ ಡಾಂಬರು ಗುಳಿಗೆ ಕೀಟಕ್ಕೆ ಮಾತ್ರ. ಅದು ತೇವ ಹೀರುವುದಿಲ್ಲ.

ಎಡ ಬಲ

ಕೊನೆಯದು ಕಣ್ಣಿಗೆ ಬೀಳದೆ ಉಳಿದುಬಿಡುವ ದೋಷ. ಹೆಚ್ಚಿನವರು ಎಮಲ್ಶನ್ನಿನ ಮಂಕು ಮೈಯನ್ನು ಲೆನ್ಸಿನತ್ತ ಇಡುತ್ತಾರೆ, ನಾನೂ ಹಾಗೆಯೇ. ಹಾಗಿಟ್ಟಾಗ ಚಿತ್ರ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ, ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಮಗುಚಬೇಕು. ಫಿಲ್ಮಿನ ಅಂಚಿನ ಅಕ್ಷರ, ಅಂಕಿಗಳು ನೇರವಾಗಿ ಓದಲು ಬಂದರೆ ಚಿತ್ರ ಸರಿಯಾಗಿದೆ. ಅಂಚು ಫೋಟೋದಲ್ಲಿ ಬಂದಿಲ್ಲದಿದ್ದರೆ ಚಿತ್ರದೊಳಗಿನ ಅಂಗಡಿ ಫಲಕ, ಬಸ್ಸಿನ ಬೋರ್ಡು, ಗಂಡಸರ ಕೈಗಡಿಯಾರ, ಹೆಂಗಸರ ಸೆರಗು ನೋಡಬಹುದು. ಆದರೆ ಗಡಿಯಾರ, ಸೆರಗುಗಳನ್ನು ಒಂದೊಂದೇ ನಂಬಬಾರದು.

ಸೇತುವೆಯ ಚಿತ್ರದಲ್ಲಿ ಅಕ್ಷರವಿರಲಿಲ್ಲ. ಎಲ್ಲ ದೋಷ ಕಳೆದು, ಬಣ್ಣ ಕೂಡಿಸಿ, ಮುಗಿಯಿತು ಎಂದು ತೋರಿಸಿದಾಗ ಡಬ್ಬಿ ತಂದವರು ಬಹಳ ಹೊತ್ತು ನೋಡಿ, ಏನೋ ಸರಿಯಿಲ್ಲ, ಆದರೆ ಏನೆಂದು ಹೇಳಲಾರೆ ಎಂದರು. ಕೋಡಿಬಾಗದ ತುದಿಯಿಂದ ಎದುರು ದಡದ ಸದಾಶಿವಗಡದತ್ತ ಮುಖಮಾಡಿ ನಿಂತರೆ ಕಾಳಿ ಸಮುದ್ರ ಸೇರುವುದು ಎಡಗಡೆ. ನನ್ನ ಚಿತ್ರದಲ್ಲಿ ಸಮುದ್ರ ಬಲಗಡೆ ಇತ್ತು. ಮಗುಚಿದೆ. ಅವರು ಪರದೆಯ ಮೇಲೆ ಬೆರಳಿಟ್ಟು, ಎಡತುದಿಯಿಂದ ಒಬ್ಬೊಬ್ಬರ ಹೆಸರನ್ನೂ ಹೇಳತೊಡಗಿದರು. ನಾನು ಅದನ್ನು ಫೈಲಿನ ವಿವರಣೆಯಲ್ಲಿ ಅದೇ ಕ್ರಮದಲ್ಲಿ ಬರೆದುಕೊಂಡೆ.